ಲ್ಯಾನ್ಸಿ ಮಾಮನ ಅರ್ಧ ಮಾತು

ಕೊಲ್ಲಿ ದೇಶದ ಈ ಫಿಂಟಾಸಿನಲ್ಲಿ ನಮ್ಮ ಎದುರು ಮನೆಯ ಲ್ಯಾನ್ಸಿ ಮಾಮ ಫೋನಿಗೆ ಫೋನ್ ಎನ್ನುವುದಿಲ್ಲ. "ಲಿಜ್ಜೀ, ಡಾಗ್ ಬಡ್ಕೊಳ್ತಾ ಉಂಟು, ಎತ್ತು ಮಾರಾಯ್ತಿ" ಎನ್ನುತ್ತಾರೆ. ಅವರ ಹೆಂಡತಿ ಲಿಜ್ಜಿ ಆಂಟಿಗೆ ಇದೆಲ್ಲ ಅಭ್ಯಾಸವಾಗಿ ಹೋಗಿದೆ. "ಇವರ ಬಾಯಲ್ಲಿ ಸರಿ ಮಾತು ಕೇಳ್ಬೇಕಾದ್ರೆ ಇಗರ್ಜಿಗೇ ಹೋಗ್ಬೇಕು. ಅಲ್ಲಿಯಾದ್ರೂ ಬೈಬಲಿನಲ್ಲಿ ಬರೆದದ್ದನ್ನು ಓದ್ತಾರೆ."

ಬಜ್ಪೆಯ ಕನ್ನಡ ಶಾಲೆಯಲ್ಲಿ ಓದಿದ ಮಾಮ ಕೊಲ್ಲಿ ಯುದ್ಧ ಮುಗಿದ ಮೇಲೆ ಇಲ್ಲಿಗೆ ಬಂದು, ಮೀನಾ ಅಬ್ದುಲ್ಲಾದ ತೈಲ ರಿಫೈನರಿಯಲ್ಲಿ ಸ್ಟೋರ್‌ಕೀಪರ್ ಆಗಿ ಸೇರಿದರು. ಅಲ್ಲಿನ ಫೋರ್‌ಮನ್ ಲಂಡನ್ನಿನವನು. ಮೊದಲ ದಿನವೇ, "ಲ್ಯಾನ್ಸಿ, ಒಂದು ರೋಸಿ ಸಿಗುತ್ತಾ?" ಎಂದು ಕೇಳಿದನಂತೆ.

"ನನ್ನ ಅಕ್ಕನ ಹೆಸರು ರೋಸಿ! ಸಿಟ್ಟು ನೆತ್ತಿಗೇರಿತು. ಅವಳಿಗೆ ಮದುವೆ ಆಗಿದೆ ಸರ್ ಅಂತ ಹೇಳಿಬಿಟ್ಟೆ."

ಆಫೀಸಿಗೆ ಆಫೀಸೇ ನಕ್ಕಿತಂತೆ. ಅವನಿಗೆ ಬೇಕಿದ್ದದ್ದು ಟೀ. ಟೀಗೆ ಪ್ರಾಸ 'ರೋಸಿ ಲೀ'. ಪ್ರಾಸದ 'ಲೀ' ನುಂಗಿಬಿಟ್ಟರೆ ಉಳಿಯುವುದು ರೋಸಿ. ಫೋನಿಗೆ 'ಡಾಗ್ ಅಂಡ್ ಬೋನ್', ಅದರಲ್ಲಿ ಬೋನ್ ಹೋಗಿ ಡಾಗ್. ಲಂಡನ್ನಿನ ಪೂರ್ವದ ಬೀದಿಗಳ ವ್ಯಾಪಾರಿಗಳು ನೂರೈವತ್ತು ವರ್ಷಕ್ಕೂ ಹಿಂದೆ ಹೀಗೆ ಆಡಲು ಶುರು ಮಾಡಿದರಂತೆ. ಪೊಲೀಸರಿಗೆ ಗೊತ್ತಾಗದಿರಲಿ ಅಂತ ಎನ್ನುವವರಿದ್ದಾರೆ, ಬರೀ ತಮಾಷೆಗೆ ಎನ್ನುವವರೂ ಇದ್ದಾರೆ. ಮಾಮನಿಗೆ ಎರಡೂ ಒಪ್ಪಿಗೆ.

"ಅರ್ಥ ಆಗದಿದ್ದಾಗ ಬಾಗಿಲ ಹೊರಗೆ ನಿಂತ ಹಾಗೆ ಆಗ್ತಿತ್ತು. ಕೇಳಿ ಕೇಳಿ ಕಲಿತೆ. ಒಂದು ದಿನ ಅವನು ನನ್ನನ್ನು 'ಚೈನಾ' ಅಂದ. ಚೈನಾ ಪ್ಲೇಟ್, ಮೇಟ್. ಅಂದ್ರೆ ದೋಸ್ತ್. ಅವತ್ತು ಒಳಗೆ ಹೋದೆ ನೋಡಿ."

ಈ ಮಾತು ನನ್ನ ಮನಸ್ಸಿನಲ್ಲಿ ಉಳಿದದ್ದಕ್ಕೆ ಕಾರಣವಿತ್ತು. ಪಟ್ಟಣದೊಳಗೆ ಮಿರ್ಕಾಬಿನ ಬ್ಯಾಂಕಿನಲ್ಲಿ ನನಗೆ ಕೆಲಸ ಸಿಕ್ಕಿತ್ತು. ಮಗಳನ್ನು ನೋಡಿಕೊಳ್ಳಲು ಅತ್ತೆ ನಾಗರತ್ನಮ್ಮ ಮೈಸೂರಿನಿಂದ ಬರುವವರಿದ್ದರು. ಅವರಿಗೆ ಇಂಗ್ಲಿಷ್ ಬಾರದು. ನಮ್ಮ ಇಂಚರಾಗೆ ಇನ್ನೂ ಐದು ತುಂಬಿಲ್ಲ. ಕನ್ನಡವೆಲ್ಲ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಹಸಿವು, ಹೊಟ್ಟೆನೋವು ಏನನ್ನೂ ಅಜ್ಜಿಗೆ ಹೇಳಲಾಗದ ಮಗುವನ್ನು ಬಿಟ್ಟು ನಾನು ಕೆಲಸಕ್ಕೆ ಹೋಗುವುದು ಹೇಗೆ? ಆಗದಿದ್ದರೆ ಕೆಲಸ ಬಿಡುವುದೆಂದು ನಾನೂ ನನ್ನ ಗಂಡ ಮನೀಷನೂ ಮಾತಾಡಿಕೊಂಡಿದ್ದೆವು.

ಇಲ್ಲಿ ವಾರದ ರಜೆ ಶುಕ್ರವಾರ, ಶನಿವಾರ. ಒಂದು ಶುಕ್ರವಾರ ಇಗರ್ಜಿಯಿಂದ ಬಂದ ಮಾಮನಿಗೆ ಇದನ್ನೆಲ್ಲ ಹೇಳಿದೆ. ಅವರು ಇಂಚರಾಳನ್ನು ಪಕ್ಕದಲ್ಲಿ ಕೂರಿಸಿಕೊಂಡರು.

"ಅಮ್ಮನಿಗೂ ಗೊತ್ತಾಗದ ಭಾಷೆ ಬೇಕಾ ನಿಂಗೆ?"

"ಯೆಸ್!"

"ಇಂಗ್ಲಿಷಿನ ಪ್ರಾಸ ಎಲ್ಲ ಲಂಡನ್ನಿನವರು ಖಾಲಿ ಮಾಡಿ ಆಯ್ತು. ನಮ್ಮದು ಕನ್ನಡದಲ್ಲಿ. ಹೇಳು, ಕಾಲಿಗೆ ಪ್ರಾಸ?"

ಅವಳು ಲಿಜ್ಜಿ ಆಂಟಿ ಕೊಟ್ಟ ಲೋಟ ನೋಡಿದಳು. "ಹಾಲು."

"ಎಂಥ ಹಾಲು?"

"ಬಿಸಿ ಹಾಲು."

"ಹಾಲು ಬಿಡು. ಇನ್ನು ಕಾಲಿಗೆ 'ಬಿಸಿ' ಅಂತ ಹೆಸರು. ಅಜ್ಜಿಗೆ?"

ತಟ್ಟೆಯಲ್ಲಿದ್ದದ್ದನ್ನು ಎತ್ತಿ ಹಿಡಿದು ಅವಳು, "ಈರುಳ್ಳಿ ಬಜ್ಜಿ!" ಎಂದು ಕೂಗಿದಳು.

"ದೇವರೇ! ಬರುವ ಅಜ್ಜಿಯನ್ನು ನೀರುಳ್ಳಿ ಅಂತ ಕರೆಸ್ತೀರಾ?" ಎಂದು ಲಿಜ್ಜಿ ಆಂಟಿ ಹಣೆ ಬಡಿದುಕೊಂಡರು.

ಮುಂದೆ ಮನೆ ತುಂಬ ಪ್ರಾಸ. ಆದರೆ ಬಿಡಿ ಪದಗಳಷ್ಟೇ. ಒಂದು ಪೂರ್ತಿ ವಾಕ್ಯ ಅವಳ ಬಾಯಿಂದ ಬರಲಿಲ್ಲ. ಈರುಳ್ಳಿ, ಬಿಸಿ ಅಂದುಕೊಂಡು ಇಡೀ ದಿನ ಕಳೆಯಲಾದೀತೇ?

ಗುರುವಾರ ಮಧ್ಯಾಹ್ನ ಅತ್ತೆ ಬಂದಿಳಿದರು. ವಿಮಾನದಲ್ಲಿ ಕೂತು ಕಾಲು ಊದಿತ್ತು. ಸೋಫಾದ ಮೇಲೆ ಕಾಲು ಚಾಚಿ, "ಬಾರೇ ಬಂಗಾರಿ, ನನ್ ಜೊತೆ ಮಾತಾಡಲ್ವಾ?" ಎಂದರು. ಇಂಚರಾ ನನ್ನ ಬೆನ್ನ ಹಿಂದೆ ಅವಿತಳು. ಭಾನುವಾರ ನಾನು ಕೆಲಸಕ್ಕೆ ಸೇರಬೇಕು.

ಟೀ ಫ್ಲಾಸ್ಕ್ ಹಿಡಿದು ಬಂದ ಲ್ಯಾನ್ಸಿ ಮಾಮ ಅತ್ತೆಗೆ ನಮಸ್ಕಾರ ಹೇಳಿ, ಅವರ ಪಾದ ನೋಡಿ, "ಇಂಚರಾ, ಅಜ್ಜಿಯ ಬಿಸಿ ನೋಡಿದ್ಯಾ? ಊದಿದೆ ಪಾಪ" ಎಂದರು.

"ಬಿಸಿನಾ? ಏನದು?" ಎಂದರು ಅತ್ತೆ.

ಮಾಮ ಫ್ಯಾನ್ ನೋಡುತ್ತಾ, "ನಂಗೊತ್ತಿಲ್ಲಮ್ಮ. ಅದು ಇವಳ ಭಾಷೆ. ಇವಳನ್ನೇ ಕೇಳಿ" ಎಂದರು.

ನನ್ನ ಬೆನ್ನ ಹಿಂದಿನಿಂದ ತಲೆಯೊಂದು ಹೊರಬಂತು. "ಅಜ್ಜಿ, ಬಿಸಿ ಅಂದ್ರೆ ಕಾಲು. ಬಿಸಿ ಹಾಲು ಇದೆಯಲ್ಲ, ಅದ್ರಲ್ಲಿ ಹಾಲು ಹೇಳಬಾರ್ದು, ಬಿಟ್ಬಿಡಬೇಕು. ನೀವು ಈರುಳ್ಳಿ."

"ನಾನ್ಯಾಕೇ ಈರುಳ್ಳಿ?"

"ಬಜ್ಜಿ ಬಿಟ್ಬಿಟ್ಟಿದೀನಿ!"

ಅತ್ತೆ ಸೆರಗು ಬಾಯಿಗೊತ್ತಿ ನಕ್ಕರು. ಆಮೇಲೆ ಸ್ವಲ್ಪ ಯೋಚಿಸಿ, "ತಾಳು, ತಾಳು. ಕಣ್ಣು... ಬಾಳೆಹಣ್ಣು. ಹಾಗಾದ್ರೆ ಕಣ್ಣು ಅಂದ್ರೆ ಬಾಳೆ. ಸರಿನಾ?" ಎಂದರು. ಅಷ್ಟು ಹೊತ್ತಿಗೆ ಇಂಚರಾ ಅವರ ತೊಡೆಯ ಮೇಲಿದ್ದಳು. ಮಾಮ ಏನೂ ಆಗಿಲ್ಲವೆಂಬಂತೆ ಲೋಟಗಳಿಗೆ ಟೀ ಬಗ್ಗಿಸಿದರು. "ಯಲ್ಲಾ, ಬನ್ನಿ ಬನ್ನಿ, ಎಲ್ಲರಿಗೂ ಒಂದೊಂದು ರೋಸಿ."

ಭಾನುವಾರ ಮಧ್ಯಾಹ್ನ ಮಿರ್ಕಾಬಿನಿಂದ ಮನೆಗೆ ಫೋನ್ ಮಾಡಿದೆ. ಎತ್ತಿದವಳು ಮಗಳು. ಪಿಸುಮಾತು.

"ಅಮ್ಮಾ, ಮೆಲ್ಲಗೆ ಮಾತಾಡು. ನಂಗೆ ಮೊಸರನ್ನ ತಿನ್ನಿಸಿ ಈರುಳ್ಳಿ ಬಾಳೆ ಮುಚ್ಕೊಂಡು ಮಲಗಿದಾರೆ."

ನಾನೂ ಮೆಲ್ಲಗೆ ಸರಿ ಎಂದೆ. ಡಾಗ್ ಇಟ್ಟು ಕೆಲಸಕ್ಕೆ ಕುಳಿತೆ.