ಚೆಲ್ಲೊ ಮತ್ತು ಮುಖ್ಯ ಅತಿಥಿ

ಕೊಟ್ಟೂರಿನಲ್ಲಿ ಚೆಲ್ಲೊ ಅಂದರೆ ಏನೆಂದು ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದಿರುವುದು ತಪ್ಪಲ್ಲ. ಗೊತ್ತಿಲ್ಲದೆಯೇ ತೀರ್ಪು ಕೊಡುತ್ತಿದ್ದರಲ್ಲ, ಅದು ನನಗೆ ಹೇಸಿಗೆ ಹುಟ್ಟಿಸುತ್ತಿತ್ತು. ಪಿಟೀಲಿನ ಜಾತಿಯದೇ, ಆದರೆ ಎದೆಮಟ್ಟ ಬರುವ ವಾದ್ಯ. ಕುರ್ಚಿಯ ಮೇಲೆ ಕೂತು ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡು ಕಮಾನು ಎಳೆಯಬೇಕು. ನೋಡಿದ ದಿನವೇ ನನ್ನ ದೊಡ್ಡಮ್ಮ ಮೂಗು ಮುರಿದಳು.

"ಅಯ್ಯ, ಹೆಣ್ಮಗಳಾಗಿ ಹಿಂಗ ಕಾಲು ಅಗಲಿಸಿ ಕುಂದ್ರೋದೇನ? ವೀಣಿ ಕಲೀಬಾರ್ದಾ?"

ಆಕೆ ಜನ್ಮದಲ್ಲಿ ವೀಣೆಯನ್ನು ಮುಟ್ಟಿದವಳಲ್ಲ, ಕೇಳಿದವಳೂ ಅಲ್ಲ.

ಕಲಿಸಿದವರು ಹಗರಿಬೊಮ್ಮನಹಳ್ಳಿಯ ಮೇಷ್ಟ್ರು. ಮದ್ರಾಸಿನ ಸಿನಿಮಾ ವಾದ್ಯವೃಂದದಲ್ಲಿ ಹಿಂದಿನ ಸಾಲಿನಲ್ಲಿ ಕೂತು ಬಾರಿಸಿ, ವಯಸ್ಸಾದ ಮೇಲೆ ಊರಿಗೆ ಮರಳಿದ್ದರು. ಅಪ್ಪನಿಗೆ ಪರಿಚಯ. ಭಾನುವಾರ ಬಸ್ಸು ಹತ್ತಿ ಹೋಗುತ್ತಿದ್ದೆ. ಮೊದಲ ವರ್ಷ ಬೆರಳು ಊರಲು ಬಿಡಲಿಲ್ಲ. ಬರೀ ತಂತಿಯ ಮೇಲೆ ಕಮಾನು ಎಳೆಯುವುದಷ್ಟೇ.

"ಕಟ್ಟಿಗಿ ಕೊಯ್ಯಾಕ ಹತ್ತೀಯೇನವ್ವಾ? ಮೊಣಕೈ ಬಿಡು. ತೂಕ ಹಾಕು, ಒತ್ತಬ್ಯಾಡ."

ಅವರ ತಿರಸ್ಕಾರವನ್ನು ನಾನು ಸಹಿಸಿದೆ. ಅವರಿಗೆ ಕಿವಿ ಇತ್ತು.

ಕೆಲವು ವರ್ಷಗಳ ನಂತರ ಒಂದು ಕಠಿಣ ಸ್ಟಡಿ ಕೊಟ್ಟರು. ವಾದಕರ ಬೆರಳು ಪಳಗಿಸಲೆಂದೇ ಬರೆದ ತುಂಡು. ಸ್ವರಗಳು ಬಿಡುವಿಲ್ಲದೆ ಓಡುತ್ತವೆ. ಮೇಲಿನ ಸ್ವರಗಳಿಗೆ ಹೆಬ್ಬೆರಳನ್ನೇ ಅಡ್ಡಲಾಗಿ ತಂತಿಯ ಮೇಲೆ ಊರಬೇಕು. ಚರ್ಮ ಸುಲಿದು, ಒಣಗಿ, ಗಟ್ಟಿಯಾಯಿತು. ಅದು ಕೈಗೆ ಬರುವಷ್ಟರಲ್ಲಿ ಹಡಗಲಿಯ ಒಂದು ಸಂಘದವರು ಪ್ರತಿಭಾ ಸನ್ಮಾನಕ್ಕೆ ಕರೆದರು. ಆ ಸ್ಟಡಿಯನ್ನೇ ಬಾರಿಸುತ್ತೇನೆ ಎಂದಾಗ ಸಂಘಟಕ ಹಲ್ಲು ಕಿರಿಯುತ್ತ ಬಂದ.

"ಮೇಡಂ, ಅದನ್ನ ಅರ್ಧ ಮಾಡ್ರಿ. ಆಮ್ಯಾಲೆ ಒಂದು ಸಿನಿಮಾ ಹಾಡು ಬಾರಿಸಿಬಿಡ್ರಿ. ಮಂದಿ ಕುಣೀಬೇಕು."

"ಕುಣಿಯೋರು ಬೇರೆ ಕಡೆ ಹೋಗ್ಲಿ," ಅಂದೆ.

ಬಾರಿಸತೊಡಗಿದೆ. ಎರಡನೇ ಪುಟಕ್ಕೆ ಬಂದಿದ್ದೆ, ಬಾಗಿಲಲ್ಲಿ ಗದ್ದಲ. ಮುಖ್ಯ ಅತಿಥಿ ಬಂದಿದ್ದ. ಮುಂದಿನ ಸಾಲು ಇಡೀ ಎದ್ದು ಬೆನ್ನು ತಿರುಗಿಸಿ ಕೈಮುಗಿಯಿತು. ನಿರೂಪಕ ನನ್ನ ಪಕ್ಕದಲ್ಲೇ ಮೈಕು ಹಿಡಿದು ಚಪ್ಪಾಳೆ ಕೇಳಿದ. ನಾನು ನಿಲ್ಲಿಸಲಿಲ್ಲ.

"ಮೇಡಂ, ಸಾಕ್ರಿ, ಸಾಹೇಬ್ರು ಬಂದಾರ!"

ಸಭೆಯಲ್ಲಿದ್ದ ಮೇಷ್ಟ್ರು ಎದ್ದು ನಿಂತರು. "ಲೇ, ಮೈಕ್ ಕೆಳಗಿಡಲೇ!"

ಅವನು ಇಟ್ಟ. ಸಾಹೇಬ ಕೊರಳಲ್ಲಿ ಹಾರ ಹಾಕಿಕೊಂಡು, ನಾನು ಬಾರಿಸಿ ಮುಗಿಸುವವರೆಗೆ ನಿಂತೇ ಇದ್ದ. ಆಮೇಲೆ ಭಾಷಣದಲ್ಲಿ, "ತಂಗಿ ಈ ವೀಣಿ ಭಾಳ ಚಲೋ ಬಾರಿಸಿದಳು" ಎಂದು ಹೊಗಳಿದ. ಜನ ಚಪ್ಪಾಳೆ ತಟ್ಟಿದರು. ಶಾಲು ಹೊದಿಸುವಾಗ ಅವನ ಕಣ್ಣು ಫೋಟೋದವನ ಮೇಲಿತ್ತು. ಆ ಫೋಟೋ ಮೊಬೈಲಿಗೆ ಬಂದಾಗ ದೊಡ್ಡಮ್ಮ "ನಮ್ಮ ಹುಡುಗಿ" ಎಂದು ಓಣಿಗೆಲ್ಲ ತೋರಿಸಿದಳಂತೆ.

ವಾಪಸು ಬಸ್ಸಿನಲ್ಲಿ ನಾನು ಗೆದ್ದವಳಂತೆ ಕೂತಿದ್ದೆ. ಮೇಷ್ಟ್ರು ಕಿಟಕಿಯಾಚೆ ನೋಡುತ್ತ ಹೇಳಿದರು:

"ಎರಡನೇ ಪುಟದಾಗ ಲಯ ಬಿಟ್ಟು ಓಡಿದಿ. ಅವ ಬಂದ ಅಂತ ಅಂಜಿದಿ."

"ಅಂಜಲಿಲ್ಲ ಸರ್. ಸಿಟ್ಟು ಬಂತು."

"ಕೇಳೋರಿಗೆ ಎರಡೂ ಒಂದೇ."

ಆ ಮಂದಿಯನ್ನು ಬಿಟ್ಟು ನನ್ನನ್ನು ಬಯ್ಯುವುದೇ? ಆದರೆ ಮನೆಯಲ್ಲಿ ಅದೇ ಪುಟ ನುಡಿಸಿ ನೋಡಿದಾಗ ಗೊತ್ತಾಯಿತು: ಅಷ್ಟು ಕೀಳು ಎಂದುಕೊಂಡವನಿಗೆ ನನ್ನ ಕಮಾನು ಹಿಡಿದು ಎಳೆಯಲು ಬಿಟ್ಟಿದ್ದೆ.

ಮುಂದಿನ ವರ್ಷ ಹರಪನಹಳ್ಳಿಯಲ್ಲಿ ಅದೇ ತುಂಡು ಬಾರಿಸಿದೆ. ಅಲ್ಲೂ ಯಾರೋ ತಡವಾಗಿ ಬಂದರು, ಯಾವನದೋ ಮೊಬೈಲು ಕೂಗಿತು, ಸಂಘಟಕ ನನ್ನ ಹೆಸರನ್ನೇ ತಪ್ಪು ಹೇಳಿದ. ಅವರ ಬಗ್ಗೆ ನನ್ನ ಅಭಿಪ್ರಾಯ ಕೂದಲೆಳೆಯಷ್ಟೂ ಬದಲಾಗಿಲ್ಲ. ಸ್ವರಗಳು ಮಾತ್ರ ತಮ್ಮ ನಡಿಗೆಯಲ್ಲೇ ಮುಗಿದವು. ಹೊರಗೆ ಬಂದ ಮೇಲೆ ಮೇಷ್ಟ್ರು ಈ ಸಲ ಯಾವ ಪುಟದ ತಪ್ಪನ್ನೂ ಎತ್ತದೆ, "ಮಂಡಕ್ಕಿ ಮಿರ್ಚಿ ಎಲ್ಲಿ ಚಲೋ ಸಿಗತೈತಿ ಕೇಳು" ಅಂದರು.