ಹೊಲಿಗೆ ಬಿಚ್ಚಿದ ಅಂಗಿ

ಅವರ ಎಡಗಿವಿಯಲ್ಲಿ ಮೇಲಿನ ಅರ್ಧ ಇರಲಿಲ್ಲ. ಗಣಿಯೊಳಗೆ ಬಂಡೆ ಸಿಡಿದಾಗ ಹೋದದ್ದಂತೆ. ಆ ಕಡೆ ಕೇಳಿಸುತ್ತಲೂ ಇರಲಿಲ್ಲ. ಅದಕ್ಕೇ ಯಾರು ಮಾತಾಡಿದರೂ ಮುಖವನ್ನು ಎಡಕ್ಕೆ ತಿರುಗಿಸಿ ಬಲಗಿವಿಯನ್ನು ಮುಂದೆ ಕೊಡುತ್ತಿದ್ದರು. ಮೊದಲ ದಿನ ನನಗೆ, ಈ ಮುದುಕನಿಗೆ ಎಷ್ಟು ಜಂಬ, ಮುಖ ಕೊಟ್ಟು ಮಾತಾಡುವುದಿಲ್ಲವಲ್ಲ ಎಂದು ಸಿಟ್ಟು ಬಂದಿತ್ತು. ಆಗ ನನಗೆ ಎಲ್ಲರ ಮೇಲೂ ಸಿಟ್ಟು ಬರುತ್ತಿತ್ತು ಅನ್ನಿ.

ಚಿನ್ನದ ಗಣಿಗಳು ಇನ್ನೂ ನಡೆಯುತ್ತಿದ್ದ ಎಂಬತ್ತರ ದಶಕದ ಮಾತು. ಬಂಗಾರಪೇಟೆಯಲ್ಲಿ ನಮ್ಮದು ಸಣ್ಣ ಟೈಲರ್ ಅಂಗಡಿ. ನಮ್ಮ ಯಜಮಾನರು ಕತ್ತರಿ ಹಿಡಿದರೆ ಬಟ್ಟೆ ಹೇಳಿದಂತೆ ಕೇಳುತ್ತಿತ್ತು. ಸಾರಾಯಿಗೆ ಬಿದ್ದ ಮೇಲೆ ಅವರ ಕೈಯೇ ಅವರ ಮಾತು ಕೇಳದಾಯಿತು. ಬೆಳಿಗ್ಗೆ ಎದ್ದು ಸೂಜಿಗೆ ದಾರ ಪೋಣಿಸಿಕೊಡುವುದು ನನ್ನ ಕೆಲಸವಾಯಿತು. ಗಿರಾಕಿಗಳು ಒಬ್ಬೊಬ್ಬರಾಗಿ ಬೇರೆ ಅಂಗಡಿ ಹುಡುಕಿಕೊಂಡರು. ಬೂದಿಕೋಟೆಯಿಂದ ನಮ್ಮಣ್ಣ ಬಂದು, "ಬಟ್ಟೆಬರೆ ಕಟ್ಕೋ, ಊರ್ಗೆ ಓಗಾಣ. ಇನ್ನು ಸಾಕು ಇವ್ನ ಸವಾಸ," ಅಂದ. ಇನ್ನೊಂದು ತಿಂಗಳು ನೋಡೋಣ ಎಂದು ಅವನನ್ನು ಸಾಗಹಾಕಿದೆ.

ಗಣಿಯೂರು ಉರಿಗಾಂನಲ್ಲಿ ಭಾನುವಾರ ಸಂಜೆ ಕುಡಿತ ಬಿಟ್ಟವರು, ಬಿಡಬೇಕೆನ್ನುವವರು ಸೇರುತ್ತಾರಂತೆ ಎಂದು ಹೇಳಿದ್ದು ಆಸ್ಪತ್ರೆಯ ನರ್ಸಮ್ಮ. ಎಲ್ಲಿ ಎಂದು ಅವರಿಗೂ ಗೊತ್ತಿರಲಿಲ್ಲ. ಇವರನ್ನು ಎಳೆದುಕೊಂಡು ರೈಲು ಹತ್ತಿದೆ. ಇಳಿದ ಮೇಲೆ ದಿಕ್ಕು ತೋಚಲಿಲ್ಲ. ಯಾರನ್ನು ಏನೆಂದು ಕೇಳುವುದು? ಕುಡಿಯುವವರು ಸೇರುವ ಜಾಗ ಎಲ್ಲಿ ಎಂದರೆ ನೇರವಾಗಿ ಸಾರಾಯಿ ಅಂಗಡಿ ತೋರಿಸುತ್ತಾರೆ!

ಕಲ್ಲುಬೆಂಚಿನ ಮೇಲೆ ಕೂತಿದ್ದ ಆ ಮುದುಕರು ಎದ್ದು ಬಂದರು. "ಏನಮ್ಮಾ, ಇಸ್ಕೂಲ್ ರೂಮ್ಗಾ? ನಾನೂ ಅಲ್ಗೇ. ವಾ ತಂಬಿ," ಎಂದು ಇವರ ಹೆಗಲ ಮೇಲೆ ಕೈ ಹಾಕಿ ನಡೆದೇಬಿಟ್ಟರು. ನಮ್ಮನ್ನು ಹೇಗೆ ಗುರುತು ಹಿಡಿದಿರಿ ಎಂದು ಆಮೇಲೊಮ್ಮೆ ಕೇಳಿದ್ದೆ.

"ರೈಲಿಳ್ದೋರೆಲ್ಲಾ ಮನೆ ಕಡೆ ನೋಡ್ತಾರೆ. ನೀವಿಬ್ರೂ ವಾಪಸ್ ಓಗೋ ರೈಲು ಎಲ್ಲೈತೆ ಅಂತ ನೋಡ್ತಿದ್ರಿ," ಅಂದರು.

ಪ್ರತಿ ಭಾನುವಾರ ಅವರು ಆ ಬೆಂಚಿನ ಮೇಲೆ ಹಾಗೆ ಕಾಯುತ್ತಿದ್ದರು. ಸಭೆ ಸೇರುತ್ತಿದ್ದ ಶಾಲೆಯ ಕೋಣೆಯೊಳಗೆ ಹೆಚ್ಚಾಗಿ ತಮಿಳು ಮಾತು. ನಾವು ಹೆಂಗಸರು ಹೊರಗೆ ಜಗಲಿಯ ಮೇಲೆ. ಮೊದಲ ದಿನ ಅವರು ಇವರಿಗೆ ಹೇಳಿದ್ದು ಕಿಟಕಿಯಿಂದ ಕೇಳಿಸಿತು: "ಇವತ್ತು ಬಾಯ್ ಬಿಡ್ಬೇಡ, ಸುಮ್ನೆ ಕುಂತ್ಕೋ. ನಾನೂ ಕುಡುಕ್ನೇ. ಇವತ್ತು ಕುಡ್ದಿಲ್ಲ, ಅಷ್ಟೇ." ಅಲ್ಲಿ ಯಾರೂ ಯಾರ ಊರುಕೇರಿ ಕೆದಕುತ್ತಿರಲಿಲ್ಲ. ಅವರ ಹೆಸರನ್ನು ನಾವೂ ಕೇಳಲಿಲ್ಲ. ಕೊನೆಯವರೆಗೂ ಅವರು ನಮಗೆ ತಾತ.

ಕೆಲವು ವಾರ ಚೆನ್ನಾಗಿಯೇ ನಡೆಯಿತು. ಆಮೇಲೊಂದು ದಿನ ಇವರು ಮತ್ತೆ ಕುಡಿದು ಬಂದರು. ಯಾವ ಮುಖ ಇಟ್ಟುಕೊಂಡು ಹೋಗುವುದೆಂದು ಆ ಭಾನುವಾರ ಇಬ್ಬರೂ ಮನೆಯಲ್ಲೇ ಉಳಿದೆವು. ಬಂಗಾರಪೇಟೆಯಲ್ಲಿ ಟೈಲರ್ ಎಂದು ಇವರು ಒಮ್ಮೆ ತಾವಾಗಿ ಹೇಳಿದ್ದನ್ನು ನೆನಪಿಟ್ಟುಕೊಂಡು ಮಾರನೆಯ ದಿನ ತಾತ ಅಂಗಡಿಗೇ ಬಂದರು. ಯಾಕೆ ಬರಲಿಲ್ಲ ಎಂದು ಕೇಳಲಿಲ್ಲ. ಕಂಕುಳಿನಿಂದ ಒಂದು ಕಂದು ಅಂಗಿ ತೆಗೆದು, "ಅರ್ದೋಯ್ತು ತಂಬಿ, ಒಲ್ಕೊಡು," ಎಂದರು.

ಇವರು ಅಂಗಿ ತಿರುಗಿಸಿ ನೋಡಿದರು. "ಇದು ಅರ್ದಿದ್ದಲ್ಲ ತಾತ. ಬ್ಲೇಡಲ್ಲಿ ಒಲ್ಗೆ ಬಿಚ್ಚಿರಾದು."

ತಾತ ಅರ್ಧ ಕಿವಿಯನ್ನು ಇವರ ಕಡೆಗೆ ತಿರುಗಿಸಿದರು. "ಈ ಕಿವೀಗೆ ಏನೂ ಕೇಳ್ಸಲ್ಲಪ್ಪ. ಭಾನ್ವಾರ ತಂದ್ಕೊಡು. ನಾನ್ ಮತ್ತೆ ಇಷ್ಟ್ ದೂರ ಬರಾಕಾಗಲ್ಲ."

ನಾನು ಬೀದಿಯವರೆಗೆ ಹಿಂದೆ ಓಡಿದೆ. ಇದಕ್ಕಾಗಿಯೇ ಬಂದಿರಾ ಎಂದೆ. ಕಿವಿ ಹೋದ ಮೇಲೆ ಅವರು ಗಣಿಯ ಲ್ಯಾಂಪ್ ರೂಮಿನಲ್ಲಿದ್ದವರು. ಕೆಳಗಿಳಿಯುವವರಿಗೆ ದೀಪವನ್ನೂ ಹಿತ್ತಾಳೆ ಬಿಲ್ಲೆಯನ್ನೂ ಕೊಟ್ಟು, ಮೇಲೆ ಬಂದಾಗ ವಾಪಸ್ ಪಡೆಯುವ ಕೆಲಸ. "ಒಂದ್ ಬಿಲ್ಲೆ ಬರ್ಲಿಲ್ಲ ಅಂದ್ರೆ ಒಬ್ಬ ಇನ್ನೂ ಕೆಳ್ಗೇ ಅವ್ನೆ ಅಂತ. ಅವ್ನನ್ನ ಬಿಟ್ಟು ನಾನೆಂಗಮ್ಮಾ ಬೀಗ ಆಕ್ಲಿ?" ಅಂದರು.

ಆ ವಾರವೆಲ್ಲ ಇವರು ಆ ಒಂದು ಹೊಲಿಗೆಯನ್ನು ಹಾಕಿದರು, ಬಿಚ್ಚಿದರು, ಮತ್ತೆ ಹಾಕಿದರು. ಭಾನುವಾರ ಅಂಗಿ ತಲುಪಿಸಿದರು. ಆಮೇಲೂ ಇವರು ಎಡವಿದ್ದುಂಟು. ಎಡವಿದಾಗಲೆಲ್ಲ ಅದೇ ಕಂದು ಅಂಗಿ ನಮ್ಮ ಅಂಗಡಿಗೆ ಬರುತ್ತಿತ್ತು. ಒಂದು ಬೆಳಿಗ್ಗೆ ನಾನು ಎದ್ದು ಬರುವ ಹೊತ್ತಿಗೆ ಇವರೇ ದಾರ ಪೋಣಿಸಿಕೊಂಡು ಕೂತಿದ್ದರು. ಒಲೆಯ ಮುಂದೆ ಕೂತು ಮನಸಾರೆ ಅತ್ತೆ. ನಮ್ಮಣ್ಣ ಮತ್ತೆ ಊರಿಗೆ ಕರೆದೊಯ್ಯುವ ಮಾತೆತ್ತಲಿಲ್ಲ. ಇವರು ಕುಡಿಯದೆ ವರ್ಷಗಳೇ ಕಳೆದರೂ ತಾತ ಆಗಾಗ ಹೊಲಿಗೆ ಬಿಚ್ಚಿಕೊಂಡು ಬರುವುದನ್ನು ಬಿಡಲಿಲ್ಲ.

ಕೊನೆಯ ಸಲ ಬಂದಾಗ ಕೆಮ್ಮು ಜೋರಾಗಿತ್ತು. ಬಿಸಿನೀರು ಕೊಟ್ಟೆ. ಅಂಗಿ ಬಿಟ್ಟುಹೋದರು. ಭಾನುವಾರ ನಾವು ರೈಲಿಳಿದಾಗ ಬೆಂಚು ಖಾಲಿ. ಮಣ್ಣು ಮಾಡಿ ಎರಡು ದಿನವಾಯಿತು ಎಂದು ಶಾಲೆಯ ಕೋಣೆಯಲ್ಲಿ ಹೇಳಿದರು. ಇವರು ಅಂಗಿಯನ್ನು ಎದೆಗವಚಿಕೊಂಡು ಸಭೆ ಮುಗಿಯುವವರೆಗೂ ಕೂತಿದ್ದು ಬಂದರು.

ಮನೆಗೆ ಬಂದವರೇ ಬ್ಲೇಡ್ ತೆಗೆದುಕೊಂಡು ತಾವೇ ಹಾಕಿದ ಹೊಲಿಗೆಯನ್ನು ಬಿಚ್ಚತೊಡಗಿದರು.

"ಏನ್ರೀ ಇದು?" ಎಂದೆ.

"ಒಲ್ದಿದ್ದು ಮುಗ್ದೋದ್ರೆ ಮುಂದಿನ್ ವಾರ ಏನ್ ನೆಪ ಏಳ್ಕೊಂಡು ಓಗ್ಲಿ?" ಅಂದರು.

ತಾತ ಹೋಗಿ ಎಷ್ಟೋ ಕಾಲವಾಯಿತು. ಗಣಿಗಳೂ ಮುಚ್ಚಿದವು. ಈಗಲೂ ವಯಸ್ಸಾದವರು ಯಾರಾದರೂ ಅಂಗಡಿಯ ಮೆಟ್ಟಿಲು ಹತ್ತಿದರೆ ನಾನು ನನಗೇ ತಿಳಿಯದೆ ಅವರ ಬಲಗಡೆಗೆ ಹೋಗಿ ನಿಂತಿರುತ್ತೇನೆ. ಮುಖ ಎಡಕ್ಕೆ ತಿರುಗೀತೇ ಎಂದು ನೋಡುತ್ತೇನೆ. ತಿರುಗುವುದಿಲ್ಲ. ಒಂದೇ ಒಂದು ಸಲ ಆ ಕೆಮ್ಮು ಕೇಳಿದರೆ ಸಾಕು ಅನ್ನಿಸುತ್ತದೆ.

ತಾತನ ಅಂಗಿ ಹೊಲಿಗೆಯ ಜಾಗದಲ್ಲಿ ಸವೆದು ಜಾಳಾಗಿದೆ. ಶನಿವಾರ ಇವರು ಅದನ್ನು ಹೊಲಿಯುತ್ತಾರೆ. ಭಾನುವಾರ ಕಂಕುಳಲ್ಲಿಟ್ಟುಕೊಂಡು ಉರಿಗಾಂಗೆ ಹೋಗಿಬರುತ್ತಾರೆ. ಸೋಮವಾರ ಬೆಳಿಗ್ಗೆ ಬ್ಲೇಡ್ ತೆಗೆದುಕೊಡುವುದು ನನ್ನ ಕೆಲಸ.