ಒಝೆಲಾ ಅಮ್ಮನ ಮೊದಲ ಭಾನುವಾರ

ಅಮೆರಿಕದ ಗ್ಯಾರಿ ಊರಿನ ಉಕ್ಕಿನ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಹತ್ತೊಂಬತ್ತು ವರ್ಷ ಅಡಿಗೆ ಮಾಡಿದವರು ಒಝೆಲಾ ಪ್ರೂಯಿಟ್. ಚರ್ಚಿನ ಹಿರಿಯ ಹೆಂಗಸರೆಲ್ಲ ನಮ್ಮ ಬೀದಿಗೆ ಅಮ್ಮಂದಿರೇ. ಹಾಗಾಗಿ ಅವರು ಒಝೆಲಾ ಅಮ್ಮ.

1969ರಲ್ಲಿ ನಮ್ಮ ಕಪ್ಪು ಜನರ ವಿಮೋಚನಾ ಸಮಿತಿ, ಹಸಿದು ಶಾಲೆಗೆ ಹೋಗುವ ಮಕ್ಕಳಿಗೆ ಬೆಳಗಿನ ಊಟ ಹಾಕಲು ಹೊರಟಿತು. ಅರವತ್ತು ಮಕ್ಕಳಿಗೆ ಜೋಳದ ನುಚ್ಚು ಬೇಯಿಸುವುದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಾನು ಮಿಸಿಸಿಪ್ಪಿಯ ಹತ್ತಿ ಹೊಲದಿಂದ ಬಂದವನು, ನಮ್ಮ ಮನೆತನದಲ್ಲಿ ಮೊದಲು ಡಿಗ್ರಿ ಪಡೆದವನು. ಭಾಷಣ ಬರೆಯಬಲ್ಲೆ, ಗಂಟಾಗದಂತೆ ಗಂಜಿ ತಿರುವಲಾರೆ. ಒಝೆಲಾ ಅಮ್ಮ ಮೊದಲ ದಿನವೇ ಬಂದು ನನ್ನ ಕೈಯ ಸೌಟು ಕಿತ್ತುಕೊಂಡರು.

"ಏನೋ ಲೆಮ್, ಇದು ಗಂಜಿನೋ, ಗೋಡೆಗೆ ಬಳಿಯೋ ಗಾರೆನೋ? ಕ್ರಾಂತಿ ಆಮೇಲೆ ಮಾಡುವಂತೆ, ಮೊದ್ಲು ಉರಿ ಸಣ್ಣ ಮಾಡು."

ಸಮಿತಿಯ ಮುಖಂಡ ಹೋರೇಸ್ ಟಾಲಿವರ್ ಚರ್ಚು ಬಿಟ್ಟವನು. ನಾವೆಲ್ಲರೂ ಬಿಟ್ಟವರೇ. "ಅಮ್ಮಾ, ನಿಮ್ ದೇವ್ರು ಒಂದ್ ಮೂಟೆ ನುಚ್ಚು ಕಳಿಸ್ತಾನಾ?" ಎಂದು ಕೆಣಕುತ್ತಿದ್ದ.

"ನನ್ನೇ ಕಳಿಸಿದಾನಲ್ಲೋ, ಕಣ್ ಕಾಣ್ಸಲ್ವಾ?"

ಮಕ್ಕಳು ಉಣ್ಣುವುದು ಸರಕಾರಕ್ಕೆ ಸಹಿಸಲಾಗಲಿಲ್ಲ. ಬಾಗಿಲೆದುರು ದಿನವೂ ಪೊಲೀಸ್ ಕಾರು ನಿಲ್ಲುತ್ತಿತ್ತು. ತಟ್ಟೆ ಹಿಡಿದು ಬರುವ ಆರು ವರ್ಷದ ಹುಡುಗಿಯ ಫೋಟೋ ತೆಗೆಯುತ್ತಿದ್ದರು. ಈ ದೇಶಕ್ಕೆ ಆ ಹುಡುಗಿಯಿಂದ ಯಾವ ಅಪಾಯವಿತ್ತೋ, ಇವತ್ತಿಗೂ ಯಾರೂ ಹೇಳಿಲ್ಲ.

1970ರ ಮಾರ್ಚಿಯಲ್ಲಿ ನಮ್ಮವರಲ್ಲಿ ಇಬ್ಬರನ್ನು ಜೈಲಿಗೆ ಹಾಕಿದರು. ಮರುವಾರ ಒಂದು ಕಾಗದ ಬಂತು. ಡಿಗ್ರಿ ಓದಿದವನೆಂದು ಎಲ್ಲರೆದುರು ನಾನೇ ಓದಿದೆ. "ಮಾರ್ಚಿ ಒಂದನೇ ತಾರೀಖು, ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ, ಮಾರುಕಟ್ಟೆಯ ಹಿಂದೆ ಒಝೆಲಾ ಪ್ರೂಯಿಟ್ ಪೊಲೀಸ್ ಕಾರಿನಲ್ಲಿ ಕೂತು ನಿಮ್ಮೆಲ್ಲರ ಹೆಸರು ಕೊಟ್ಟಿದ್ದನ್ನು ಕಂಡೆ. ಇಂತಿ, ಚರ್ಚಿನ ಒಬ್ಬ ಸೋದರಿ."

ಅಮ್ಮ ಕೈ ಒರೆಸಿಕೊಂಡರು.

"ಮೊದಲ ಭಾನುವಾರ ಹನ್ನೊಂದು ಗಂಟೆಗೆ ನಾನೆಲ್ಲಿರ್ತೀನಿ ಅಂತ ನಿಮ್ ತಾಯಂದಿರನ್ನ ಕೇಳ್ರೋ."

ಏಪ್ರನ್ ಬಿಚ್ಚಿ, ಮಡಚಿ, ಒಲೆಯ ಪಕ್ಕ ಇಟ್ಟು ಹೋದರು.

ನಾವು ಕೇಳಲಿಲ್ಲ. ಪ್ರತಿ ತಿಂಗಳ ಮೊದಲ ಭಾನುವಾರ ನಮ್ಮ ಚರ್ಚಿನಲ್ಲಿ ಪ್ರಭುಭೋಜನ, ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚುವ ಆರಾಧನೆ. ಅಮ್ಮಂದಿರು ಬಿಳಿ ಬಟ್ಟೆ ಉಟ್ಟು ಮುಂದಿನ ಬೆಂಚಿನಲ್ಲಿ ಕೂರುತ್ತಾರೆ. ರೊಟ್ಟಿ, ಬಟ್ಟಲುಗಳ ಮೇಲಿನ ಬಿಳಿ ಹೊದಿಕೆ ತೆಗೆಯುವುದು, ಹೊದಿಸುವುದು ಒಝೆಲಾ ಅಮ್ಮನ ಕೆಲಸ. ಆ ದಿನ ಹನ್ನೊಂದಕ್ಕೆ ಇನ್ನೂರು ಜನ ಅವರನ್ನು ಕಂಡಿದ್ದರು. ಕಾಗದ ಬರೆದವರಿಗೆ ಈ ಪದ್ಧತಿ ತಿಳಿದಿರಲಿಲ್ಲ. ಅದರಲ್ಲೇ ಹುಟ್ಟಿ ಬೆಳೆದ ನಾವು ಮರೆತಿದ್ದೆವು.

ಮೂರು ವಾರಕ್ಕೆ ಅಡಿಗೆಮನೆ ಮುಚ್ಚಿತು. ಸಮಿತಿಯೂ ಒಡೆಯಿತು. "ಪೊಲೀಸರ ಕಿವಿ" ಎಂಬ ಹೆಸರು ಮಾತ್ರ ಎಂಟು ವರ್ಷ ಅಮ್ಮನ ಬೆನ್ನು ಬಿಡಲಿಲ್ಲ. ಅವರನ್ನು ಕಂಡರೆ ನಾನು ಬೀದಿಯ ಆಚೆ ಬದಿಗೆ ದಾಟುತ್ತಿದ್ದೆ.

ಸರಕಾರ ನಮ್ಮ ಮೇಲೆ ಇಟ್ಟ ಕಡತವನ್ನು ಕೇಳಿ ಪಡೆಯಬಹುದೆಂಬ ಕಾನೂನು ಬಂದ ಮೇಲೆ ನಾನು ಅರ್ಜಿ ಹಾಕಿದೆ. 1978ರಲ್ಲಿ ಕಟ್ಟು ಬಂತು. ಅದರೊಳಗೆ ಆ ಕಾಗದದ ಕರಡು ಇತ್ತು. "ಚರ್ಚಿನ ಸೋದರಿ" ಎಂಬವಳು ಸರಕಾರಿ ಟೈಪ್‌ರೈಟರಿನಲ್ಲಿ ಹುಟ್ಟಿದವಳು. ಕೆಳಗೆ ಷರಾ: "ಅಡಿಗೆಯವಳ ಮೇಲೆ ಅನುಮಾನ ಬಿದ್ದರೆ ಊಟ ನಿಲ್ಲುತ್ತದೆ. ಮಂಜೂರು."

ಹಾಳೆ ಹಿಡಿದು ಅಮ್ಮನ ಮನೆಗೆ ಓಡಿದೆ. ಅವರು ಬಾಗಿಲಲ್ಲೇ ತಡೆದರು.

"ನಂಗೆ ಓದ್ಬೇಡ. ನಾನೆಲ್ಲಿದ್ದೆ ಅಂತ ನಂಗೊತ್ತು. ಅವತ್ತು ಯಾರ ಮುಂದೆ ಓದಿದ್ಯೋ ಅವರ ಮುಂದೆ ಓದು."

ಮುಂದಿನ ತಿಂಗಳ ಮೊದಲ ಭಾನುವಾರ, ಹೋರೇಸನೂ ಸೇರಿ ಸಿಕ್ಕ ಏಳು ಜನರನ್ನು ಚರ್ಚಿಗೆ ಕರೆತಂದೆ. ಬಿಳಿ ಬಟ್ಟೆಯ ಅಮ್ಮಂದಿರ ಎದುರು ನಿಂತು ಓದಿದೆ. ಹೋರೇಸ್ ಎದ್ದು ನಿಂತ. "ಅಮ್ಮಾ, ತಪ್ಪಾಯ್ತು."

"ನಿನ್ ತಪ್ಪು ಆಮೇಲೆ ನೋಡ್ಕೋತೀನಿ. ಲೆಮ್, ಮಂಜೂರು ಮಾಡಿದವನ ಹೆಸರು ಓದು."

"ಅಳಿಸಿದಾರಮ್ಮ. ಕಪ್ಪು ಮಸಿ ಬಳಿದಿದಾರೆ."

"ನನ್ ಹೆಸರು?"

"ಹನ್ನೊಂದು ಕಡೆ ಇದೆ."

ಅಮ್ಮ ಬೆಂಚಿನಿಂದ ಎದ್ದರು. "ಹಾಗಾದ್ರೆ ಇನ್ನೊಂದು ಅರ್ಜಿ ಬರಿ. ಮಸಿ ತೆಗೀರಿ ಅಂತ. ನಾನೂ ರುಜು ಹಾಕ್ತೀನಿ." ಆಮೇಲೆ ಮೇಜಿನ ಬಳಿಗೆ ಹೋಗಿ ಬಿಳಿ ಹೊದಿಕೆ ತೆಗೆದರು.

ಆ ಅರ್ಜಿ ಈಗ ನಾಲ್ಕನೇ ಸಲ ತಿರಸ್ಕೃತವಾಗಿ ಬಂದಿದೆ. ಐದನೆಯದಕ್ಕೆ ಅಮ್ಮ ನಿನ್ನೆ ರುಜು ಹಾಕಿದರು.